ಮಸ್ಕಟೀನ್‌ನಿಂದ ಹೊತ್ತು ತಂದ ಜಪಾನಿ ಜಾಸ್

ನಾವು ಸಾಗರದಲ್ಲಿ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ನೋಡಿ ಬೆಳೆದವರು. ಅದನ್ನು ಡ್ರಮ್ ಸೆಟ್ ಅಂತ ಯಾರೂ ಅನ್ನುತ್ತಿರಲಿಲ್ಲ, "ಜಾಸ್" ಅಂತಲೇ ಹೆಸರು. "ಈ ಸಲ ಜಾಸ್ ಬಾರಿಸೋಕೆ ಶಿವಮೊಗ್ಗದಿಂದ ಬಂದಿದಾರಂತೆ" ಅಂದರೆ ಮುಂದಿನ ಸಾಲಿನಲ್ಲಿ ಜಾಗ ಹಿಡಿಯೋಕೆ ಆರು ಗಂಟೆಗೇ ಓಡುತ್ತಿದ್ದೆವು. ಈಗ ಮಗಳಿಗೆ ಅದೇ ಹುಚ್ಚು ಹಿಡಿದಿದೆ. ನಾವಿರುವುದು ಇಲಿನಾಯ್‌ನ ಅರೋರಾದಲ್ಲಿ. ಅವಳು ಶಾಲೆಯ ಬ್ಯಾಂಡಿನಲ್ಲಿ ಒಂದು ವರ್ಷ ಸ್ನೇರ್ ಡ್ರಮ್ಮು ಬಾರಿಸಿದಳು, ಆಮೇಲೆ ಮನೆಗೇ ಒಂದು ಸೆಟ್ ಬೇಕು ಅಂತ ಹಟ.

ಹೊಸದರ ಬೆಲೆ ನೋಡಿ ಸುಮ್ಮನಾಗಿದ್ದೆ. ಅಷ್ಟರಲ್ಲಿ ಒಂದು ಮಾರಾಟದ ಜಾಹೀರಾತು ಕಣ್ಣಿಗೆ ಬಿತ್ತು. "ಹಳೇ ಡ್ರಮ್ಸ್, 140 ಡಾಲರ್." ಮಬ್ಬು ಫೋಟೋದಲ್ಲಿ ನೀಲಿ ಮಿನುಗಿನ ನಾಲ್ಕು ಡ್ರಮ್ಮು, ಮೇಲೆ ಒಂದು ಬೆರಳು ಧೂಳು. ಟಾಮ್ ಅನ್ನುವ ಸಣ್ಣ ಡ್ರಮ್ಮಿನ ಮೇಲಿನ ಹೆಸರಿನ ಬಿಲ್ಲೆಯನ್ನು ದೊಡ್ಡದು ಮಾಡಿ ನೋಡಿದರೆ "ಮೆಜೆಸ್ಟಿಕ್" ಅಂತ ಓದಬಹುದಿತ್ತು, ಹಳೇ ಜಪಾನಿ ಸೆಟ್ಟಿನ ಹೆಸರದು. ಊರು ಐಯೊವಾದ ಮಸ್ಕಟೀನ್. ಇಲ್ಲಿಂದ ಸುಮಾರು 250 ಕಿಲೋಮೀಟರ್. ಅಕ್ಕನ ಗಂಡನ ಹತ್ತಿರ ದೊಡ್ಡ ವ್ಯಾನ್ ಇದೆ, ಕೇಳಿದೆ.

"140 ಡಾಲರ್ ಡ್ರಮ್ಮಿಗೆ 50 ಡಾಲರ್ ಪೆಟ್ರೋಲಾ? ಆಯ್ತು ಮಾರಾಯ, ತಿಂಡಿ ನಿಂದು" ಅಂದರು ಭಾವ.

ಅಕ್ಟೋಬರ್‌ನ ಶನಿವಾರ ಬೆಳಿಗ್ಗೆ ಹೊರಟೆವು. ಐ-88 ಹೆದ್ದಾರಿ ಅಂದರೆ ಎರಡೂ ಕಡೆ ಜೋಳ, ಮತ್ತೆ ಜೋಳ. ನಮ್ಮ ದಾವಣಗೆರೆ ಕಡೆಯ ಮೆಕ್ಕೆಜೋಳದ ಹೊಲವನ್ನು ಇಸ್ತ್ರಿ ಮಾಡಿ ಹಾಸಿದ ಹಾಗೆ. ಗುಡ್ಡ ಗಿಡ್ಡ ಏನೂ ಇಲ್ಲ. ಭಾವನಿಗೆ ನಿದ್ದೆ ಬರದಿರಲಿ ಅಂತ ಅಕ್ಕ ಕಟ್ಟಿಕೊಟ್ಟ ಚಕ್ಕುಲಿ ಡಬ್ಬಿ ಮುಂದೆ ಇಟ್ಟೆ. ಡ್ಯಾವೆನ್‌ಪೋರ್ಟ್ ಹತ್ತಿರ ಮಿಸ್ಸಿಸ್ಸಿಪ್ಪಿ ಸಿಕ್ಕಿತು. ಉತ್ತರದಿಂದ ದಕ್ಷಿಣಕ್ಕೆ ಹರಿಯುವ ನದಿ ಈ ಒಂದು ಜಾಗದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ತಿರುಗುತ್ತೆ, ಹಾಗಾಗಿ ದಾಟಿದ ಮೇಲೆ ದಿಕ್ಕೇ ತಪ್ಪಿದ ಹಾಗೆ ಆಯಿತು. ಜಾಸ್ ಸಂಗೀತದ ದೊಡ್ಡ ಕಾರ್ನೆಟ್ (ತುತ್ತೂರಿಯಂಥದ್ದು) ವಾದಕ ಬಿಕ್ಸ್ ಬೈಡರ್‌ಬೆಕ್ 1903ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಮಗಳಿಗೆ ಹೇಳಿದೆ. ಕಿವಿಯಲ್ಲಿ ಇಯರ್‌ಫೋನ್ ಇತ್ತು, ತಲೆಯಾಡಿಸಿದಳು.

ಮಾರುವವರು ಎರಡು ಗಂಟೆಗೆ ಬನ್ನಿ ಅಂದಿದ್ದರು, ನಾವು ಹನ್ನೊಂದಕ್ಕೇ ಮಸ್ಕಟೀನ್ ಸೇರಿದ್ದೆವು. ಹೊತ್ತು ಕಳೆಯೋಕೆ ನದಿ ಪಕ್ಕದ ಗುಂಡಿ ಮ್ಯೂಸಿಯಂಗೆ ಹೋದೆವು. ಗುಂಡಿ ಅಂದರೆ ಅಂಗಿ ಗುಂಡಿ. ಭಾವ "ಗುಂಡಿ ನೋಡೋಕೆ ಟಿಕೆಟ್ಟಾ" ಅಂತ ಗೊಣಗಿದರು. ಆಮೇಲೆ ಅಲ್ಲಿಂದ ಅವರನ್ನೇ ಎಬ್ಬಿಸಿಕೊಂಡು ಬರಬೇಕಾಯಿತು.

1891ರಲ್ಲಿ ಬೋಪ್ಲಿ ಎಂಬ ಜರ್ಮನ್ ವಲಸಿಗ ಈ ನದಿಯ ಕಪ್ಪೆಚಿಪ್ಪಿನಿಂದ ಗುಂಡಿ ಮಾಡೋಕೆ ಶುರು ಮಾಡಿದ. 1905ರ ಹೊತ್ತಿಗೆ ಈ ಪುಟ್ಟ ಊರು ವರ್ಷಕ್ಕೆ 150 ಕೋಟಿ ಗುಂಡಿ ಮಾಡುತ್ತಿತ್ತು. ಕೊಳವೆಯಂಥ ಗರಗಸದಿಂದ ಚಿಪ್ಪಿನಲ್ಲಿ ಉರುಟುರುಟು ಬಿಲ್ಲೆ ಕೊರೆದು ತೆಗೆಯುತ್ತಿದ್ದರು. ತೂತು ಬಿದ್ದ ಚಿಪ್ಪುಗಳ ರಾಶಿ ಅಲ್ಲಿದೆ, ಮಕ್ಕಳು ಬಟ್ಟಲು ಒತ್ತಿ ಬಿಲ್ಲೆ ತೆಗೆದು ತಿಂದು ಬಿಟ್ಟ ದೋಸೆಯ ಹಾಗೆ. ಆಮೇಲೆ ಪ್ಲಾಸ್ಟಿಕ್ ಗುಂಡಿ ಬಂತು, ಕಸುಬು ಮುಗಿಯಿತು. ಆದರೆ ಚಿಪ್ಪಿಗೆ ಇನ್ನೊಂದು ದಾರಿ ಸಿಕ್ಕಿತು. ಈ ಸೀಮೆಯ ನದಿಗಳ ಚಿಪ್ಪನ್ನು ಜಪಾನಿಗೆ ಕಳಿಸುತ್ತಿದ್ದರು, ಅಲ್ಲಿ ಅದನ್ನು ಮಣಿಯ ಹಾಗೆ ಉರುಟು ಮಾಡಿ ಸಿಂಪಿಯ ಹೊಟ್ಟೆಯಲ್ಲಿಟ್ಟು ಮುತ್ತು ಬೆಳೆಸುತ್ತಿದ್ದರು. ನಾವು ಹುಡುಕಿಕೊಂಡು ಬಂದ ಡ್ರಮ್ಮು ಜಪಾನಿನಿಂದ ಬಂದದ್ದು ಅಲ್ವಾ, ನನಗೆ ಒಳಗೊಳಗೇ ನಗು. ಚಿಪ್ಪು ಆ ಕಡೆ, ಡ್ರಮ್ಮು ಈ ಕಡೆ.

ಎರಡು ಗಂಟೆಗೆ ಆ ಮನೆ. ಎಂಬತ್ತರ ಹತ್ತಿರದ ಅಜ್ಜಿ. ನೆಲಮಾಳಿಗೆಗೆ ಕರೆದುಕೊಂಡು ಹೋದರು. ತೀರಿಹೋದ ಗಂಡ ಮದುವೆಗೆ ಮುಂಚೆ ಕೊಂಡದ್ದಂತೆ. 1964ರ ಫೆಬ್ರವರಿ 9ರಂದು ಬೀಟಲ್ಸ್ ಬ್ಯಾಂಡ್ ಟೀವಿಯಲ್ಲಿ ಬಂದ ಮೇಲೆ ಊರಿನ ಹುಡುಗರಿಗೆಲ್ಲ ಅದರ ಡ್ರಮ್ಮರ್ ರಿಂಗೋ ಆಗಬೇಕಿತ್ತಂತೆ. ರಿಂಗೋ ಬಾರಿಸಿದ್ದು ಲಡ್ವಿಗ್, ಆಗ ಷಿಕಾಗೋದಲ್ಲಿ ತಯಾರಾಗುತ್ತಿದ್ದ ದುಬಾರಿ ಮಾಲು. ಅಷ್ಟು ದುಡ್ಡಿಲ್ಲದ ಹುಡುಗರಿಗೆ ಜಪಾನಿ ಸೆಟ್ಟು.

ಇಲ್ಲಿ ಸ್ವಲ್ಪ ವಿವರ ಹೇಳಲೇಬೇಕು. ಮೆಜೆಸ್ಟಿಕ್ ಅಂತ ಒಂದು ಕಾರ್ಖಾನೆ ಇದೆ ಅಂದುಕೊಂಡರೆ ಹುಡುಕಿ ಹುಡುಕಿ ಸುಸ್ತಾಗ್ತೀರಿ. ಒಂದೇ ಮಿಲ್ಲಿನ ಅಕ್ಕಿಗೆ ಹತ್ತು ಅಂಗಡಿಯವರು ಹತ್ತು ಹೆಸರಿನ ಚೀಲ ಹೊಲಿಸಿದ ಹಾಗೆ ಇದು. ಕತ್ಸುಮಿ ಯಾನಾಗಿಸಾವಾ ಎಂಬಾತ 1946ರಲ್ಲಿ ಟೋಕಿಯೋದಲ್ಲಿ ಸಂಗೀತದ ಹಾಳೆ ಇಡುವ ಸ್ಟ್ಯಾಂಡ್ ಮಾಡಲು ಶುರು ಮಾಡಿ, 1950ರಲ್ಲಿ ಡ್ರಮ್ಮಿಗೆ ಕೈ ಹಾಕಿದ. ಅದೇ ಇವತ್ತಿನ ಪರ್ಲ್ ಕಂಪನಿ. 1961ರಲ್ಲಿ ಚೀಬಾದಲ್ಲಿ ಕಾರ್ಖಾನೆ ಕಟ್ಟಿ, ಮೂವತ್ತಕ್ಕೂ ಜಾಸ್ತಿ ವಿತರಕರಿಗೆ ಅವರವರ ಹೆಸರು ಹಾಕಿ ಅಗ್ಗದ ಸೆಟ್ ಮಾಡಿಕೊಟ್ಟರು. ಮೆಜೆಸ್ಟಿಕ್, ಅಪೋಲೋ, ವೈಟ್‌ಹಾಲ್, ಕೊರೊನೆಟ್, ಸ್ಟೀವರ್ಟ್, ಮ್ಯಾಕ್ಸ್‌ವಿನ್ ಎಲ್ಲ ಹೀಗೆ ಹುಟ್ಟಿದ ಹೆಸರು. ನಗೋಯಾದ ಹೋಶಿನೋ ಕಂಪನಿಯೂ ಆ ಕಾಲದಲ್ಲಿ ಸ್ಟಾರ್ ಎಂಬ ಹೆಸರಿನಲ್ಲಿ ಡ್ರಮ್ ಮಾಡುತ್ತಿತ್ತು, 1974ರಲ್ಲಿ ಅದೇ ಟಾಮಾ ಆಯಿತು. ಹೀಗೆ ಬೇರೆಯವರ ಹೆಸರು ಹೊತ್ತು ಬಂದವನ್ನು ಇಲ್ಲಿ ಸ್ಟೆನ್ಸಿಲ್ ಕಿಟ್ ಅಂತಾರೆ.

ಹಾಗಾಗಿ ನಾನು ಬಿಲ್ಲೆ ಬಿಟ್ಟು ಡ್ರಮ್ಮಿನ ಒಳಗೆ ಟಾರ್ಚ್ ಹಾಕಿದೆ. ಕೆಂಪು ಛಾಯೆಯ, ಬಣ್ಣ ಹಚ್ಚದ ಲುವಾನ್ ಮರ. ಮೇಲೆ ಕೆಳಗೆ ಅಂಚಿಗೆ ದಪ್ಪ ಮರದ ಬಳೆ. ತೆಳ್ಳನೆಯ ಮೂರು ಪದರ ಅಂಟಿಸಿ ಬಗ್ಗಿಸಿದ ಗೋಡೆಗೆ ಆ ಬಳೆಯೇ ಆಧಾರ. ಲುವಾನ್ ಆಗ್ನೇಯ ಏಷ್ಯಾದ ಮರ, ನಮ್ಮ ಮಲೆನಾಡಿನ ಧೂಪದ ಮರದ ಸಂಬಂಧಿ. ಒಳಗೆ ಅದು, ಹೊರಗೆ ಪ್ಲಾಸ್ಟಿಕ್ ಹೊದಿಕೆ, ಬಿಲ್ಲೆಯ ತುದಿಯಲ್ಲಿ ಸಣ್ಣಗೆ "ಮೇಡ್ ಇನ್ ಜಪಾನ್". ಸಂಶಯವೇ ಉಳಿಯಲಿಲ್ಲ. ಕಾಲಿನಿಂದ ಬಾರಿಸುವ ದೊಡ್ಡ ಬೇಸ್ ಡ್ರಮ್ಮಿನ ಬಿಲ್ಲೆ ಬಿದ್ದುಹೋಗಿ ಎರಡು ಮೊಳೆ ತೂತು ಮಾತ್ರ ಇತ್ತು. ಹೊದಿಕೆ ಒಂದು ಕಡೆ ಎದ್ದಿತ್ತು. ತೇವಕ್ಕೆ ಮರದ ಪದರ ಬಿಟ್ಟುಕೊಂಡಿತ್ತು.

ಭಾವ ಕನ್ನಡದಲ್ಲಿ "ನೂರಕ್ಕೆ ಕೇಳು" ಅಂದರು. ಅಜ್ಜಿಯ ಮುಖ ನೋಡಿ ಚೌಕಾಸಿ ಮಾಡೋಕೆ ನನಗೆ ಬಾಯಿ ಬರಲಿಲ್ಲ, 140 ಕೊಟ್ಟೆ. ಅವರು ಕೇಳಿದ್ದು ಒಂದೇ, ಸರಿ ಮಾಡಿದ ಮೇಲೆ ಬಾರಿಸಿದ್ದನ್ನು ರೆಕಾರ್ಡ್ ಮಾಡಿ ಕಳಿಸಿ ಅಂತ.

ವಾಪಸ್ ಬರುವಾಗ ಬೇಸ್ ಡ್ರಮ್ಮು ಮಗಳ ತೊಡೆ ಮೇಲೆ. ಪ್ರತಿ ಹಳ್ಳಕ್ಕೂ ಅದರ ಒಳಗೆ ಗುಂಯ್ ಅನ್ನುವ ಸದ್ದು. ಬಿಗಿಯುವ ರಾಡ್ ಕೂರುವ ಲೋಹದ ಗೂಡು, ಅಂದರೆ ಲಗ್, ಅದರೊಳಗಿನ ಸ್ಪ್ರಿಂಗ್ ಅದು. ಮನೆಯಲ್ಲಿ ಬಿಚ್ಚಿ ಪ್ರತಿ ಸ್ಪ್ರಿಂಗಿಗೂ ಹತ್ತಿ ತುರುಕಿದ ಮೇಲೆ ಬಾಯಿ ಮುಚ್ಚಿತು.

ಆಮೇಲೆ ಮೂರು ವಾರ ಗ್ಯಾರೇಜೇ ಮನೆ. ಬಿಟ್ಟುಕೊಂಡ ಪದರದೊಳಗೆ ತೆಳ್ಳನೆ ಚಾಕುವಿನಿಂದ ಮರದ ಗೋಂದು ತುಂಬಿ, ಕ್ಲ್ಯಾಂಪ್ ಬಿಗಿದು ಒಂದು ಇಡೀ ದಿನ ಬಿಟ್ಟೆ. ಚರ್ಮ ಹಿಡಿದಿಡುವ, ತುಕ್ಕು ಹಿಡಿದ ಉಕ್ಕಿನ ಬಳೆಗಳಿಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಿನಲ್ಲಿ ಅದ್ದಿ ತಿಕ್ಕಿದೆ. ಫಾಯಿಲ್ ಕ್ರೋಮಿಗಿಂತ ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ, ಕೆಂಪು ನೀರು ಮಾತ್ರ ಇಳಿಯುತ್ತೆ. ಆದರೆ ಈ ಸೆಟ್ಟುಗಳ ಕ್ರೋಮು ತೆಳು, ತುಕ್ಕು ತಿಂದ ಕಡೆ ಕಪ್ಪು ಚುಕ್ಕೆ ಹಾಗೇ ಉಳಿದವು. ಇರಲಿ ಬಿಡಿ. ನನ್ನ ದೊಡ್ಡ ತಪ್ಪು ಹೊದಿಕೆಯ ಮೇಲಿನ ಅಂಟನ್ನು ಹೆಂಡತಿಯ ನೈಲ್ ಪಾಲಿಶ್ ರಿಮೂವರ್ ಹಾಕಿ ಒರೆಸಿದ್ದು. ಅಂಟಿನ ಜೊತೆ ಪ್ಲಾಸ್ಟಿಕ್ಕೂ ಕರಗಿ ಬಿಲ್ಲೆಯಗಲ ಮಂಕಾಯಿತು. ದಯವಿಟ್ಟು ಹಾಗೆ ಮಾಡಬೇಡಿ, ಸೋಪಿನ ನೀರು ಸಾಕು.

ನೆಲದ ಮೇಲೆ ನಿಲ್ಲುವ ಫ್ಲೋರ್ ಟಾಮ್‌ನ ಒಂದು ಬಿಗಿಯುವ ರಾಡ್ ಇರಲಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ, ಒಡೆದ ಅಪೋಲೋ ಟಾಮ್‌ನಿಂದ ತೆಗೆದು ಹಾಕಿದೆ. ಅಳತೆ ಮಾಡಿ ಹೊಲಿಸಿದ ಹಾಗೆ ಕೂತಿತು. ಅಕ್ಕಿ ಚೀಲದ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಾ?

ಚರ್ಮ ಕೂರುವ ಅಂಚು ಸಮ ಇಲ್ಲದಿದ್ದರೆ ಎಷ್ಟು ಬಿಗಿದರೂ ಶ್ರುತಿ ನಿಲ್ಲಲ್ಲ. ಡ್ರಮ್ಮನ್ನು ಗ್ರಾನೈಟ್ ಕಟ್ಟೆ ಮೇಲೆ ಬೋರಲು ಹಾಕಿ, ಒಳಗೆ ದೀಪ ಇಟ್ಟು, ಕೋಣೆ ಕತ್ತಲು ಮಾಡಿದೆ. ಬೆಳಕು ಸೋರಿದ ಕಡೆ ತಗ್ಗು. ಅದೇ ಕಟ್ಟೆಗೆ ಮರಳು ಕಾಗದ ಅಂಟಿಸಿ, ಬೆಳಕಿನ ಗೆರೆ ಹೋಗುವ ತನಕ ನಿಧಾನಕ್ಕೆ ಉಜ್ಜಿ, ಕೊನೆಗೆ ಅಂಚಿಗೆ ಮೇಣದ ಬತ್ತಿ ಸವರಿದೆ. ಊರಲ್ಲಿ ತಮಟೆಯವರು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿ ಎರಡು ನಿಮಿಷದಲ್ಲಿ ಶ್ರುತಿ ಮಾಡುತ್ತಿದ್ದರು. ನಮ್ಮದು ಪಾಲಿಯೆಸ್ಟರ್ ಚರ್ಮ, ಎದುರುಬದುರು ರಾಡ್‌ಗಳನ್ನು ಅರ್ಧರ್ಧ ಸುತ್ತು ತಿರುಗಿಸುತ್ತ ಸಂಜೆಯಾಯಿತು.

ಮಗಳು ಬಾರಿಸಿದಳು. ಭಾವ ರೆಕಾರ್ಡ್ ಮಾಡಿದರು, ಅಜ್ಜಿಗೆ ಕಳಿಸಿದೆ. ಮರುದಿನ ಉತ್ತರ ಬಂತು. ತುಂಬಾ ಚೆನ್ನಾಗಿದೆ, ಆದರೆ ದೊಡ್ಡ ಡ್ರಮ್ಮು ಇದಕ್ಕಿಂತ ಜೋರಾಗಿ ಕೇಳುತ್ತಿತ್ತು, ಮೇಲಿನ ಅಡುಗೆಮನೆಯಲ್ಲಿ ತಟ್ಟೆಗಳು ಅಲುಗಾಡುತ್ತಿದ್ದವು ಅಂತ. ಪಕ್ಕದ ಮನೆಯವರಿಗೆ ಹೆದರಿ ನಾನು ಅದರೊಳಗೆ ಒಂದು ದಿಂಬು ಇಟ್ಟಿದ್ದೆ. ಮಗಳು ಹೋಗಿ ದಿಂಬು ಎಳೆದು ಹೊರಗೆ ಹಾಕಿದಳು.