ಈಮ್ ಗ್ರಾಮವನ್ನು ಕಲಿಸಿದ ಮೇಷ್ಟ್ರು

ಯುರೋಪಿನ ಇತಿಹಾಸವನ್ನು ಬೋಧಿಸುತ್ತಿದ್ದ ನಮ್ಮ ಮೇಷ್ಟ್ರು ರಾಜವಂಶಗಳನ್ನು ಒಂದೆರಡು ತರಗತಿಗಳಲ್ಲೇ ಮುಗಿಸಿಬಿಡುತ್ತಿದ್ದರು. ಆದರೆ ಇಂಗ್ಲೆಂಡಿನ ಡಾರ್ಬಿಶೈರ್ ಸೀಮೆಯ ಈಮ್ ಎಂಬ ಒಂದು ಹಳ್ಳಿಗೆ ಬಂದರೆ ಅವರಿಗೆ ಗಂಟೆ ಬಾರಿಸಿದ್ದೂ ಕೇಳಿಸುತ್ತಿರಲಿಲ್ಲ. ಪರೀಕ್ಷೆಗೆ ಬಾರದ ಪಾಠವೆಂದು ಗೊಣಗುತ್ತಿದ್ದ ಹಿಂದಿನ ಬೆಂಚಿನವರೂ ಆಗ ಕಿವಿಗೊಟ್ಟು ಕುಳಿತಿರುತ್ತಿದ್ದರು.

1665ರಲ್ಲಿ ಲಂಡನ್ನಿನಿಂದ ಆ ಊರಿನ ದರ್ಜಿಯ ಮನೆಗೆ ಬಟ್ಟೆಯ ಗಂಟೊಂದು ಬಂತೆಂದೂ, ಒದ್ದೆಯಾಗಿದ್ದ ಆ ಬಟ್ಟೆಯನ್ನು ಬೆಂಕಿಯ ಮುಂದೆ ಹರವಿ ಒಣಗಿಸಿದ ಜಾರ್ಜ್ ವಿಕರ್ಸ್ ಎಂಬ ಕೆಲಸಗಾರನೇ ಪ್ಲೇಗಿಗೆ ಮೊದಲ ಬಲಿಯಾದನೆಂದೂ ಹೇಳುತ್ತಾರೆ. ಮರುವರ್ಷದ ಬೇಸಗೆಯಲ್ಲಿ ರೋಗ ಉಲ್ಬಣಿಸಿದಾಗ ಪಾದ್ರಿ ವಿಲಿಯಂ ಮಾಂಪೆಸನ್, ಮತಭೇದದಿಂದಾಗಿ ಹಿಂದೆ ಅದೇ ಊರಿನ ಚರ್ಚಿನ ಹುದ್ದೆಯನ್ನು ಕಳೆದುಕೊಂಡಿದ್ದ ಥಾಮಸ್ ಸ್ಟ್ಯಾನ್ಲಿಯವರ ನೆರವು ಪಡೆದು, ಯಾರೂ ಊರ ಗಡಿಯನ್ನು ದಾಟಬಾರದೆಂದು ಜನರನ್ನು ಒಪ್ಪಿಸಿದರು. ಚರ್ಚಿನ ಬಾಗಿಲು ಮುಚ್ಚಿ, ಪ್ರಾರ್ಥನೆ ಹತ್ತಿರದ ಕಣಿವೆಯ ಬಯಲಿಗೆ ಹೋಯಿತು. ಗಡಿಕಲ್ಲಿನ ಮೇಲೆ ಕೊರೆದ ಕುಳಿಗಳಲ್ಲಿ ವಿನೆಗರ್ ತುಂಬಿ ಅದರೊಳಗೆ ನಾಣ್ಯಗಳನ್ನು ಹಾಕಿಡುತ್ತಿದ್ದರು. ನೆರೆಯೂರಿನವರು ಆಹಾರವನ್ನಿಟ್ಟು ಹಣ ತೆಗೆದುಕೊಂಡು ಹೋಗುತ್ತಿದ್ದರು. ಎಲಿಜಬೆತ್ ಹ್ಯಾಂಕಾಕ್ ಎಂಬಾಕೆ 8 ದಿನಗಳೊಳಗೆ ಗಂಡನನ್ನೂ 6 ಮಕ್ಕಳನ್ನೂ ಮಣ್ಣು ಮಾಡಬೇಕಾಯಿತು. ಸತ್ತವರು ಸುಮಾರು 260 ಮಂದಿ; ಮಾಂಪೆಸನ್ನರ ಪತ್ನಿ ಕ್ಯಾಥರೀನ್ ಕೂಡ ಅವರಲ್ಲೊಬ್ಬರು.

ಇಷ್ಟು ಹೇಳಿದ ಮೇಲೆ ಮೇಷ್ಟ್ರು, ಇದರಲ್ಲಿ ದಾಖಲೆ ಎಷ್ಟು, ಜನರ ಬಾಯಿಮಾತು ಎಷ್ಟು ಎಂದು ಬೇರ್ಪಡಿಸಲು ನಮಗೆ ಹೇಳುತ್ತಿದ್ದರು. ಎಮ್ಮಟ್ ಸಿಡಾಲ್ ಎಂಬ ತರುಣಿಯ ಸಾವು ಚರ್ಚಿನ ದಫ್ತರದಲ್ಲಿದೆ. ನೆರೆಯೂರಿನ ರೋಲೆಂಡ್ ಅವಳಿಗಾಗಿ ಕಣಿವೆಯ ಆಚೆ ಬದಿಯಲ್ಲಿ ಕಾಯುತ್ತಿದ್ದನೆಂಬುದು ಮಾತ್ರ ಬಾಯಿಂದ ಬಾಯಿಗೆ ಬಂದ ಕಥೆ. ಮಾಂಪೆಸನ್ ಬರೆದ ಪತ್ರಗಳ ಮೇಲೆ ಮೇಷ್ಟ್ರಿಗಿದ್ದ ನಂಬಿಕೆ ಇಂಥ ಪ್ರೇಮಕಥೆಗಳ ಮೇಲೆ ಇರಲಿಲ್ಲ. ನನಗೋ, ಆಗಲೂ ಈಗಲೂ, ಹೆಣ ಹೂಳುತ್ತಿದ್ದ ಮಾರ್ಷಲ್ ಹೌನ ಕಥೆಯೇ ಹೆಚ್ಚು ಹಿಡಿಸುತ್ತದೆ. ಸತ್ತವರ ಮನೆಯ ಸಾಮಾನುಗಳನ್ನೇ ಕೂಲಿಯೆಂದು ಒಯ್ಯುತ್ತಿದ್ದ ಆತ ಒಮ್ಮೆ ಅನ್ವಿನ್ ಎಂಬವನಿಗೆ ಗುಂಡಿ ತೋಡಿಟ್ಟು, ಅವನನ್ನು ಹೊತ್ತುಕೊಂಡು ಮೆಟ್ಟಿಲಿಳಿಯುತ್ತಿರುವಾಗ, ಹೆಗಲ ಮೇಲಿದ್ದ ‘ಹೆಣ’ ಕುಡಿಯಲು ಬಿಸಿ ಹಾಲಿನ ಪಾನಕ ಕೇಳಿತಂತೆ! ಅನ್ವಿನ್ ಬದುಕಿಕೊಂಡ. ಹೌನ ಹೆಂಡತಿ, ಮಗ ಇಬ್ಬರೂ ಅದೇ ರೋಗಕ್ಕೆ ತುತ್ತಾದರು. ಆಮೇಲೆ ಬಹುಕಾಲದವರೆಗೆ ಆ ಊರಿನ ತಾಯಂದಿರು ಹಟಮಾರಿ ಮಕ್ಕಳನ್ನು ಅವನ ಹೆಸರು ಹೇಳಿಯೇ ಹೆದರಿಸುತ್ತಿದ್ದರೆಂಬ ಮಾತಿದೆ. ಊರ ಗಡಿ ಮುಚ್ಚಿಸಿದ ಪಾದ್ರಿಗೆ ಸಿಕ್ಕ ಗೌರವ, ಅದೇ ಊರಿನ ಹೆಣಗಳನ್ನು ಹೊತ್ತವನಿಗೆ ಸಿಗಲಿಲ್ಲವೆಂಬುದನ್ನು ಯಾವ ದಫ್ತರವೂ ಬರೆದಿಡುವುದಿಲ್ಲ ಎಂದು ನಾನು ವಾದಿಸಿದಾಗ ಮೇಷ್ಟ್ರು ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಅದನ್ನೇ ಪ್ರಬಂಧವಾಗಿ ಬರೆದು ತರಲು ಹೇಳಿದರು.