ಅಡಿಕೆ ಅಂಗಳಕ್ಕೊಂದು ಕಾವಲು: ಶಿರಸಿಯ ಮನೆಗೆ ನಾನೇ ಕಟ್ಟಿದ ವ್ಯವಸ್ಥೆ

ಶಿರಸಿ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಒಳಗೆ, ತೋಟದ ತಲೆಯ ಮೇಲಿರುವ ನಮ್ಮ ಹೆಂಚಿನ ಮನೆಯಲ್ಲಿ ಈಗ ಅಪ್ಪ, ಅಮ್ಮ ಇಬ್ಬರೇ ಇದ್ದಾರೆ. ನಾನು ಕಾರವಾರದಲ್ಲಿ ಕೆಲಸದಲ್ಲಿದ್ದೇನೆ; ಕುಮಟಾ ದಾಟಿ, ದೇವಿಮನೆ ಘಟ್ಟ ಹತ್ತಿ ಮನೆ ಮುಟ್ಟುವುದೆಂದರೆ ಅರ್ಧ ದಿನದ ಮಾತು. ಚಾಲಿಗೆಂದು (ಸಿಪ್ಪೆ ಸಮೇತ ಒಣಗಿಸಿ ಆಮೇಲೆ ಸುಲಿಯುವ ಅಡಿಕೆಗೆಂದು) ಹರವಿದ ಹಣ್ಣಡಿಕೆ ಸುಮಾರು ನಲವತ್ತು ದಿನ ಅಂಗಳದಲ್ಲಿಯೇ ಒಣಗಬೇಕಾಗುತ್ತದೆ, ಅಂದರೆ ಒಂದು ವರ್ಷದ ದುಡಿಮೆ ಅಷ್ಟು ರಾತ್ರಿಗಳ ಕಾಲ ಬಾಗಿಲಿಲ್ಲದ ಜಾಗದಲ್ಲಿ ಬಿದ್ದಿರುತ್ತದೆ. ಎರಡು ವರ್ಷದ ಹಿಂದೆ ಅಂಗಳದ ಅಂಚಿನಿಂದ ಎರಡು ಚೀಲ ಅಡಿಕೆ ಕಳುವಾಯಿತು. ಅಂದಿನಿಂದ ಅಪ್ಪ ರಾತ್ರಿ ಮೂರು ಸಲ ಎದ್ದು ಬ್ಯಾಟರಿ ಹಿಡಿದು ತಿರುಗತೊಡಗಿದರು. ಅವರು ನಿದ್ದೆ ಮಾಡುವಂತಾಗಬೇಕು ಎಂಬುದೇ ಈ ಕೆಲಸಕ್ಕೆ ಕೈ ಹಾಕಲು ಕಾರಣ.

ಪೇಟೆಯಲ್ಲಿ ಸಿಗುವ ಸಿದ್ಧ ಕ್ಯಾಮರಾಗಳಲ್ಲಿ ಹೆಚ್ಚಿನವು ಸೂಚನೆ ಕಳುಹಿಸಲು ಇಂಟರ್ನೆಟ್‌ ಮೂಲಕ ಎಲ್ಲೋ ಇರುವ ಸರ್ವರನ್ನು ತಲುಪಲೇಬೇಕು. ನಮ್ಮಲ್ಲಿ ಆಷಾಢದ ಗಾಳಿಗೆ ಒಂದು ಮರ ಬಿದ್ದರೆ ವಿದ್ಯುತ್ತೂ ಇಲ್ಲ, ನೆಟ್‌ವರ್ಕೂ ಇಲ್ಲ. ಆದ್ದರಿಂದ ನಾನು ಒಂದೇ ನಿಯಮ ಇಟ್ಟುಕೊಂಡೆ: ಎಚ್ಚರಿಸಬೇಕೋ ಬೇಡವೋ ಎಂಬ ತೀರ್ಮಾನ ಮನೆಯೊಳಗೇ ಆಗಬೇಕು, ಹೊರಗಿನ ಸಂಪರ್ಕ ಇದ್ದರೆ ಅನುಕೂಲ, ಇಲ್ಲದಿದ್ದರೂ ಕಾವಲು ನಿಲ್ಲಬಾರದು. 2013ರಿಂದ ಬೆಳೆದುಬಂದಿರುವ ಹೋಮ್ ಅಸಿಸ್ಟೆಂಟ್ ಎಂಬ, ಮನೆಯ ಸೆನ್ಸರ್, ದೀಪ, ಕ್ಯಾಮರಾಗಳನ್ನು ಒಂದೆಡೆಯಿಂದ ನಡೆಸುವ ಮುಕ್ತ ತಂತ್ರಾಂಶ ಇದಕ್ಕೆ ಸರಿಹೊಂದಿತು. ಅದನ್ನು ಒಂದು ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಮೇಲೆ ಹಾಕಿ, ಇನ್ವರ್ಟರ್ ಇರುವ ನಡುಮನೆಯ ಕಪಾಟಿನಲ್ಲಿ ಇಟ್ಟೆ. ಮೊದಲು ಎಸ್‌ಡಿ ಕಾರ್ಡ್ ಬಳಸಿದ್ದೆ. ಪದೇ ಪದೇ ವಿದ್ಯುತ್ ಹೋಗಿ ಬಂದು ಎರಡೇ ತಿಂಗಳಲ್ಲಿ ಅದು ಕೆಟ್ಟಿತು. ಈಗ ಎಸ್‌ಎಸ್‌ಡಿ ಇದೆ.

ಬಾಗಿಲು ಮತ್ತು ಚಲನೆಯ ಸೆನ್ಸರ್‌ಗಳಿಗೆ ಜಿಗ್ಬೀ ಎಂಬ ನಿಸ್ತಂತು ಸಂಪರ್ಕ ವಿಧಾನ ಆರಿಸಿಕೊಂಡೆ, ಏಕೆಂದರೆ ಅಂಥ ಸೆನ್ಸರ್‌ಗಳು ಬಹಳ ಕಡಿಮೆ ವಿದ್ಯುತ್ ಬಳಸುತ್ತವೆ ಮತ್ತು ಒಂದು ನಾಣ್ಯದಂಥ ಸೆಲ್ಲಿನಲ್ಲಿ ಬಹುಕಾಲ ನಡೆಯುತ್ತವೆ. ಆದರೆ ಚಿರೆಕಲ್ಲಿನ ಒಂದೂವರೆ ಅಡಿ ದಪ್ಪದ ಗೋಡೆಗಳು ಈ ಸಣ್ಣ ಸಂಕೇತವನ್ನು ನುಂಗಿಬಿಡುತ್ತವೆ ಎಂಬುದನ್ನು ನಾನು ಮೊದಲು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸೆಲ್ ಹಾಕಿದ ಸೆನ್ಸರ್ ಇನ್ನೊಂದರ ಸಂದೇಶವನ್ನು ಮುಂದಕ್ಕೆ ಸಾಗಿಸುವುದಿಲ್ಲ. ನೇರವಾಗಿ ವಿದ್ಯುತ್ತಿಗೆ ಜೋಡಿಸಿದ ಪ್ಲಗ್‌ಗಳು ಸಾಗಿಸುತ್ತವೆ. ಜಗುಲಿಯಲ್ಲಿ ಒಂದು, ಕೊಟ್ಟಿಗೆಯಲ್ಲಿ ಒಂದು ಪ್ಲಗ್ ಹಾಕಿ ಎರಡನ್ನೂ ಇನ್ವರ್ಟರ್ ತಂತಿಗೆ ಸೇರಿಸಿದ ಮೇಲೆ ದೂರದ ಸೆನ್ಸರ್‌ಗಳೂ ಸ್ಥಿರವಾದವು. ಇನ್ನೂ ಎರಡು ಸಂಗತಿ ತಿಳಿದಿರಬೇಕು. ಯುಎಸ್‌ಬಿ 3 ಪೋರ್ಟ್ ಜಿಗ್ಬೀ ಬಳಸುವ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಎಬ್ಬಿಸುವುದರಿಂದ ಜಿಗ್ಬೀ ಸಂಕೇತ ಹಿಡಿಯಲು ಪೈಗೆ ಸಿಕ್ಕಿಸುವ ಡಾಂಗಲನ್ನು ಒಂದು ಮೀಟರ್ ತಂತಿಯ ತುದಿಗೆ ಕಟ್ಟಿ ದೂರವಿಡಬೇಕು. ವೈಫೈಯನ್ನು 1ನೇ ಚಾನೆಲ್‌ಗೆ, ಜಿಗ್ಬೀಯನ್ನು 25ನೇ ಚಾನೆಲ್‌ಗೆ ಇಟ್ಟರೆ ಒಂದರ ಮೇಲೊಂದು ಬೀಳುವುದಿಲ್ಲ.

ಅತಿ ಹೆಚ್ಚು ದಿನ ಹಿಡಿದದ್ದು ಸುಳ್ಳು ಎಚ್ಚರಿಕೆಗಳನ್ನು ಕಡಿಮೆ ಮಾಡುವ ಕೆಲಸ. ಚಲನೆ ಹಿಡಿಯುವ ಪಿಐಆರ್ ಸೆನ್ಸರ್ ಮನುಷ್ಯನನ್ನು ಗುರುತಿಸುವುದಿಲ್ಲ. ತನ್ನ ಮುಂದಿನ ಪಟ್ಟಿಗಳಲ್ಲಿ ಶಾಖದ ಕಿರಣಗಳು ಬದಲಾದುದನ್ನು ಮಾತ್ರ ಗುರುತಿಸುತ್ತದೆ. ಬಿಸಿಲಿಗೆ ಕಾದ ಬಾಳೆ ಎಲೆ ಅಲುಗಿದರೂ ಸಾಕು, ನಾಯಿ ಹಾದರೂ ಸಾಕು. ಮೊದಲ ವಾರ ರಾತ್ರಿಗೆ ಏಳೆಂಟು ಸಲ ಸೈರನ್ ಕೂಗಿ, ಅಮ್ಮ ಅದರ ಸ್ವಿಚ್ಚನ್ನೇ ಆರಿಸಿಟ್ಟರು. ಅವರು ಮಾಡಿದ್ದು ಸರಿಯೇ ಆಗಿತ್ತು; ನಂಬಿಕೆ ಕಳೆದುಕೊಂಡ ಸೈರನ್ ಇದ್ದೂ ಇಲ್ಲದಂತೆ. ಆಮೇಲೆ ದಣಪೆಯಿಂದ (ಬೇಲಿಯ ಪ್ರವೇಶದ್ವಾರದಿಂದ) ಅಂಗಳಕ್ಕೆ ಬರುವ ದಾರಿಗೆ ಅಡ್ಡಲಾಗಿ ಎರಡು ಅವಕೆಂಪು ಕಿರಣಗಳನ್ನು ಹಾಯಿಸಿದೆ, ಒಂದು ನೆಲದಿಂದ ಒಂದೂವರೆ ಅಡಿಗೆ, ಇನ್ನೊಂದು ನಾಲ್ಕು ಅಡಿಗೆ. ಮುಳ್ಳುಹಂದಿ, ಕಾಡುಹಂದಿ, ನಾಯಿ ಇವು ಕೆಳಗಿನದನ್ನು ಮಾತ್ರ ಕಡಿಯುತ್ತವೆ. ಆಗ ಅಂಗಳದ ದೀಪ ಹತ್ತುತ್ತದೆ, ಅಷ್ಟೆ. ರಾತ್ರಿ ಹತ್ತರಿಂದ ಬೆಳಗಿನ ಐದರೊಳಗೆ ಎರಡೂ ಕಿರಣ ಒಟ್ಟಿಗೆ ಕಡಿದು, ಮೂವತ್ತು ಸೆಕೆಂಡಿನೊಳಗೆ ಅಂಗಳದ ಪಿಐಆರ್ ಕೂಡ ಎಚ್ಚೆತ್ತರೆ ಮಾತ್ರ ಸೈರನ್ ಕೂಗುತ್ತದೆ. ಕಾಟಿ (ಕಾಡುಕೋಣ) ಬಂದರೆ ಎರಡೂ ಕಡಿಯುತ್ತವೆ, ನಿಜ. ಆದರೆ ಅಂಗಳಕ್ಕೆ ಕಾಟಿ ಬಂದದ್ದು ಮನೆಯವರಿಗೆ ತಿಳಿಯಲೇಬೇಕಾದ ಸಂಗತಿ.

ಸಿಡಿಲು ಕಲಿಸಿದ ಪಾಠಕ್ಕೆ ಹೆಚ್ಚು ಬೆಲೆ ತೆರಬೇಕಾಯಿತು. ಅಂಗಳದ ತುದಿಯ ಕ್ಯಾಮರಾಕ್ಕೆ ನಲವತ್ತು ಮೀಟರ್ ತಾಮ್ರದ ಈಥರ್ನೆಟ್ ಕೇಬಲ್ ಎಳೆದಿದ್ದೆ. ಮೇ ತಿಂಗಳ ಒಂದು ಸಂಜೆ ತೋಟದಾಚೆ ಸಿಡಿಲು ಬಡಿಯಿತು. ಮನೆಗೆ ಬಡಿಯದಿದ್ದರೂ ಆ ಉದ್ದದ ತಂತಿಯಲ್ಲಿ ಪ್ರೇರಿತವಾದ ವೋಲ್ಟೇಜಿಗೆ ಕ್ಯಾಮರಾ ಮತ್ತು ಕೇಬಲ್ ಸೇರುವ ನೆಟ್‌ವರ್ಕ್ ಸ್ವಿಚ್ ಎರಡೂ ಸುಟ್ಟವು. ಈಗ ಅಲ್ಲಿಗೆ ಹೋಗುವುದು ಆಪ್ಟಿಕಲ್ ಫೈಬರ್. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ಆ ತುದಿಯಲ್ಲಿ ಒಂದು ಸಣ್ಣ ಸೌರಫಲಕ ಮತ್ತು 12 ವೋಲ್ಟಿನ ಬ್ಯಾಟರಿ ಕ್ಯಾಮರಾವನ್ನು ನಡೆಸುತ್ತವೆ. ಮಲೆನಾಡಿನಲ್ಲಿ ಮನೆಯಿಂದ ಹೊರಗೆ ದೂರಕ್ಕೆ ತಾಮ್ರ ಎಳೆಯಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಕ್ಯಾಮರಾಗಳನ್ನು ಇಂಟರ್ನೆಟ್ಟಿಗೆ ತೆರೆದಿಟ್ಟಿಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹರಡಿದ್ದು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಇಂಥ ಕ್ಯಾಮರಾ ಮತ್ತು ರೌಟರುಗಳ ಮೂಲಕವೇ. ಕಾರವಾರದಿಂದ ನೋಡಬೇಕಾದಾಗ ನಾನು ಟೇಲ್‌ಸ್ಕೇಲ್‌ನ ಗೂಢಲಿಪಿಯ ಸುರಂಗದಲ್ಲಿ, ಅಂದರೆ ಹೊರಗಿನವರು ಓದಲಾಗದ ಖಾಸಗಿ ಸಂಪರ್ಕದಲ್ಲಿ, ಮನೆಗೆ ಪ್ರವೇಶಿಸುತ್ತೇನೆ. ಸೈರನ್ ಕೂಗಿದಾಗ ಒಂದು 4ಜಿ ಮಾಡ್ಯೂಲ್ ಪಕ್ಕದ ಮನೆಗೆ ಕರೆ ಮಾಡುತ್ತದೆ. ನೂರು ಕಿಲೋಮೀಟರ್ ಆಚೆ ಇರುವ ಮಗನಿಗಿಂತ ಕೂಗಳತೆಯಲ್ಲಿರುವವರು ಮೊದಲು ತಿಳಿಯಬೇಕು. ಯಾವ ಕ್ಯಾಮರಾವೂ ಮನೆಯ ಒಳಮುಖವಾಗಿಲ್ಲ, ಕೆಲಸದವರು ಕುಳಿತು ಉಣ್ಣುವ ಕಡೆಗೂ ಇಲ್ಲ. ಎಲ್ಲೆಲ್ಲಿ ಕ್ಯಾಮರಾ ಇದೆ ಎಂಬುದನ್ನು ಅವರಿಗೆ ತೋರಿಸಿಯೇ ಹಾಕಿದ್ದೇನೆ.

ದೀಪಗಳ ರಿಲೇಗಳನ್ನು (ಕಂಪ್ಯೂಟರ್ ನಡೆಸುವ ಸ್ವಿಚ್ಚುಗಳನ್ನು) ಹಳೆಯ ಗೋಡೆ ಸ್ವಿಚ್ಚುಗಳ ಹಿಂದೆಯೇ ಕೂರಿಸಿರುವುದರಿಂದ, ಕಂಪ್ಯೂಟರ್ ನಿಂತರೂ ಅಪ್ಪ ಎಂದಿನಂತೆ ಸ್ವಿಚ್ ಒತ್ತಿ ದೀಪ ಹಾಕಬಹುದು. ಆದರೆ ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಳೆಯ ಸೆನ್ಸರ್. ಮಾಡಿನ ಮೇಲಿನ ತಟ್ಟೆಯ ಮೇಲೆ ನಾಲ್ಕು ಹನಿ ಬಿದ್ದೊಡನೆ ಅಡುಗೆಮನೆಯಲ್ಲಿ ಗಂಟೆ ಹೊಡೆಯುತ್ತದೆ, ಅಡಿಕೆಯ ಮೇಲೆ ತಾಡಪತ್ರೆ ಎಳೆಯಲು ಅಷ್ಟು ಸಮಯ ಸಾಕು. ಆ ತಟ್ಟೆಗೆ ಸದಾ ವಿದ್ಯುತ್ ಹರಿಸಿದರೆ ತೇವದಲ್ಲಿ ಅದರ ಲೋಹದ ಗೆರೆಗಳು ಕರಗಿಹೋಗುತ್ತವೆ. ಹಾಗಾಗಿ ಹತ್ತು ಸೆಕೆಂಡಿಗೊಮ್ಮೆ ಓದುವ ಕ್ಷಣಕ್ಕೆ ಮಾತ್ರ ವಿದ್ಯುತ್ ಕೊಡುವಂತೆ ಇಎಸ್‌ಪಿ32 ಎಂಬ ಸಣ್ಣ ನಿಯಂತ್ರಕ ಚಿಪ್ಪಿಗೆ ಪ್ರೋಗ್ರಾಂ ಬರೆದಿದ್ದೇನೆ. ಕಳೆದ ದೀಪಾವಳಿಯ ಮರುದಿನದ ಅಕಾಲ ಮಳೆಯಲ್ಲಿ ಒಂದು ಅಡಿಕೆಯೂ ನೆನೆಯಲಿಲ್ಲ.

ಅಪ್ಪ ಈಗ ರಾತ್ರಿ ಒಂದು ಸಲ ಮಾತ್ರ ಏಳುತ್ತಾರೆ. ಯಾವ ಸೆನ್ಸರಿಗೆ ಎಂದು ಸೆಲ್ ಹಾಕಿದೆವು ಎಂಬುದನ್ನು ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಕೊಟ್ಟಿಗೆಯ ಹಿಂದಿನ ಬೆಟ್ಟದ ದಾರಿಗೆ ಕಿರಣ ಹಾಕುವುದು ಉಳಿದಿದೆ; ಮುಂದಿನ ಕೊಯ್ಲಿನ ಮೊದಲು ರಜೆ ಹಾಕಿ ಅದನ್ನು ಮುಗಿಸಬೇಕು.