ನಾದದ ಬ್ರೆಡ್ಡು, ನಾಲ್ಕನೇ ಸಲ

ಬದಿಯಡ್ಕದಲ್ಲಿ ಮಳೆ ಬಿಡುವ ಹಾಗೆ ಕಾಣುವುದಿಲ್ಲ. ತೋಟಕ್ಕೆ ಇಳಿಯುವಂತಿಲ್ಲ, ಹಾಗಾಗಿ ಬ್ರೆಡ್ಡಿನ ಹುಚ್ಚು ಇನ್ನೂ ಇಳಿದಿಲ್ಲ.

ನಾನು ಹಿಡಿದದ್ದು ನ್ಯೂಯಾರ್ಕಿನ ಬೇಕರ್ ಜಿಮ್ ಲಾಹಿಯ ಕ್ರಮ, ಹಿಟ್ಟನ್ನು ನಾದುವ ಕೆಲಸವೇ ಇಲ್ಲದ ಬ್ರೆಡ್ಡು. 2006ರಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಬಂದ ಮೇಲೆ ಎಲ್ಲೆಡೆ ಹಬ್ಬಿದ್ದು. ಹಿಟ್ಟು, ಉಪ್ಪು, ಕಾಲು ಚಮಚ ಯೀಸ್ಟು, ಸ್ವಲ್ಪ ಜಾಸ್ತಿಯೇ ನೀರು. ಕಲಸಿ ಮುಚ್ಚಿಟ್ಟರೆ 12ರಿಂದ 18 ಗಂಟೆಯಲ್ಲಿ, ನಾದದಿದ್ದರೂ, ಜಿಗುಟು ತಾನಾಗಿ ಕಟ್ಟಿಕೊಳ್ಳುತ್ತದೆ.

ಈ 18 ಗಂಟೆಯೇ ನನ್ನನ್ನು ಕೆಡಿಸಿದ್ದು. ಮೊದಲ ಸಲ, ಮೇ ತಿಂಗಳಲ್ಲಿ, ಸಂಜೆ ಕಲಸಿ ಮರುದಿನ ಮಧ್ಯಾಹ್ನ ನೋಡಿದರೆ ಹಿಟ್ಟು ಉಬ್ಬಿ, ಕುಸಿದು, ಕಳ್ಳಿನ ವಾಸನೆ ಹೊಡೆಯುತ್ತಿತ್ತು. "ಇಡ್ಲಿ ಹಿಟ್ಟನ್ನು ಇಷ್ಟು ಹೊತ್ತು ಇಡ್ತಾರಾ?" ಅಂದರು ಅಮ್ಮ. ಸರಿಯೇ ಅಲ್ವಾ? ಆ ಲೆಕ್ಕ ಸುಮಾರು 21 ಡಿಗ್ರಿಯ ಅಡುಗೆಮನೆಯದು. ನಮ್ಮದು ಆಗ 31 ಇತ್ತು.

ಎರಡನೆಯದು ಅರ್ಧ ಬೆಂದಾಗ ಕರೆಂಟು ಹೋಯಿತು. ಬಿಡಿ.

ಮೂರನೆಯದಕ್ಕೆ 400 ಗ್ರಾಂ ಮೈದಾಕ್ಕೆ 300 ಎಂಎಲ್ ನೀರು ಹಾಕಿದ್ದೆ. ನಮ್ಮ ಅಂಗಡಿಯ ಮೈದಾ ಅಷ್ಟು ನೀರು ಕುಡಿಯಲಿಲ್ಲ. ಹರಡಿ ದಪ್ಪ ದೋಸೆಯಾಯಿತು. ಸಾಲದ್ದಕ್ಕೆ ಮುಚ್ಚಳದ ಪ್ಲಾಸ್ಟಿಕ್ ಹಿಡಿ ಕರಗಿ ಮನೆಯಿಡೀ ವಾಸನೆ.

ಈ ಸಲ ನೀರು 270. ರಾತ್ರಿ 10ಕ್ಕೆ ಕಲಸಿದೆ, ಬೆಳಿಗ್ಗೆ 6ಕ್ಕೆ ಮೇಲೆಲ್ಲ ಗುಳ್ಳೆ. ಗಡಿಯಾರ ನೋಡದೆ ಅಲ್ಲಿಗೇ ನಿಲ್ಲಿಸಿದೆ. ಮಡಚಿ, ಅಕ್ಕಿಹಿಟ್ಟು ಉದುರಿಸಿದ ಬಾಡಿಸಿದ ಬಾಳೆಲೆಯ ಮೇಲೆ ಒಂದು ಗಂಟೆ ಇಟ್ಟೆ. ಮೂಲದಲ್ಲಿ ಬಟ್ಟೆ ಹೇಳಿದ್ದಾರೆ, ಆದರೆ ಬಟ್ಟೆಗೆ ಅಂಟಿದ್ದನ್ನು ತೊಳೆದವರಿಗೇ ಗೊತ್ತು ಆ ಕಷ್ಟ. ಬೀಡಿನ ಬಾಣಲೆಯನ್ನು ಓವನ್ನಿನಲ್ಲಿ 230 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿ, ಹಿಟ್ಟು ಇಳಿಸಿ, ಸ್ಟೀಲ್ ತಟ್ಟೆ ಮುಚ್ಚಿದೆ. ಮುಚ್ಚುವುದರಲ್ಲೇ ಇದೆ ಗುಟ್ಟು. ಹಿಟ್ಟಿನದೇ ನೀರು ಆವಿಯಾಗಿ ಒಳಗೇ ಉಳಿಯುತ್ತದೆ, ಮೇಲ್ಪದರ ಬೇಗ ಗಟ್ಟಿಯಾಗದೆ ಬ್ರೆಡ್ಡು ಉಬ್ಬುತ್ತದೆ. 30 ನಿಮಿಷ ಮುಚ್ಚಿ, ಮತ್ತೆ 15 ನಿಮಿಷ ತೆರೆದು.

ಹೊರಗೆ ತೆಗೆದಾಗ ಸಿಪ್ಪೆ ಚಟಪಟ ಅನ್ನತೊಡಗಿತು. ನಾದದ ಬ್ರೆಡ್ಡಿಗೂ ನಾದ! ಬಿಸಿಯಲ್ಲಿ ಕೊಯ್ದರೆ ಒಳಗೆ ಅಂಟಂಟು, ಹಾಗಾಗಿ ಒಂದು ಗಂಟೆ ಸುಮ್ನೆ ಕೂತೆ. ಅಪ್ಪ ಚಹಾದಲ್ಲಿ ಅದ್ದಿ ತಿಂದು, "ಹಲ್ಲಿದ್ದವರಿಗೆ ಅಡ್ಡಿಯಿಲ್ಲ" ಎಂದರು.

ತಳ ಮಾತ್ರ ಕರಟಿದೆ. ಮುಂದಿನ ಸಲ ಬಾಣಲೆಯನ್ನು ಒಂದು ಅಂತಸ್ತು ಮೇಲಿಡಬೇಕು.